ದಿನವೂ ಜೇಬಿನಲ್ಲಿರಲು ಲೇತ್‌ನಲ್ಲಿ ಕಡೆದ ಲೋಹದ ಪೆನ್ನು: ಯಾವುದನ್ನು ಆರಿಸಲಿ?

ಪ್ರಶ್ನೆ: ಪಶುವೈದ್ಯ, ಸಾಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನ್ನ ದಿನದ ಹೆಚ್ಚಿನ ಹೊತ್ತು ಹಳ್ಳಿಗಳ ಕೊಟ್ಟಿಗೆಗಳಲ್ಲೇ ಕಳೆಯುತ್ತದೆ. ಔಷಧದ ಚೀಟಿ, ಲಸಿಕೆಯ ಲೆಕ್ಕ, ದನದ ಕಿವಿಗೆ ಹಾಕಿದ ಬಿಲ್ಲೆಯ 12 ಅಂಕಿಗಳ ಸಂಖ್ಯೆ ಇವೆಲ್ಲವನ್ನೂ ನಿಂತಲ್ಲಿಯೇ, ಎಷ್ಟೋ ಸಲ ಒಂದು ಕೈಯಲ್ಲಿ ಹಗ್ಗ ಹಿಡಿದುಕೊಂಡೇ ಬರೆಯಬೇಕಾಗುತ್ತದೆ. ಎರಡೂ ಕೈಗೆ ಕೆಲಸ ಬಿದ್ದಾಗ ಪೆನ್ನನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಪ್ಲಾಸ್ಟಿಕ್ ಪೆನ್ನುಗಳು ಕ್ಲಿಪ್ ಮುರಿದು ಗದ್ದೆಯ ಬದುವಿನಲ್ಲೋ ಗೊಬ್ಬರದ ಗುಂಡಿಯ ಬಳಿಯೋ ಕಳೆದುಹೋಗುತ್ತಲೇ ಇದ್ದುದರಿಂದ, ಕಳೆದ ವರ್ಷ ಒಂದು ಹಿತ್ತಾಳೆಯ ಪೆನ್ನನ್ನು ತರಿಸಿಕೊಂಡೆ.

ಆ ಪೆನ್ನು ಕೈಗೆ ಬಂದಾಗ ತುಂಬ ಚೆನ್ನಾಗಿತ್ತು. ಆದರೆ ಮಳೆಗಾಲ ಹಿಡಿದು ಎರಡು ತಿಂಗಳಾಗುವಷ್ಟರಲ್ಲಿ ಕ್ಲಿಪ್ಪಿನ ಬುಡದಲ್ಲಿ ಕಿಲುಬು ಕಟ್ಟಿ ಅಂಗಿಯ ಜೇಬಿಗೆಲ್ಲ ಹಸಿರು ಕಲೆಯಾಯಿತು. ಬರೆಯುತ್ತಿರುವಾಗಲೇ ಮೂತಿಯ ಭಾಗ ತಿರುಗಿ ಸಡಿಲವಾಗುತ್ತಿತ್ತು. ರೀಫಿಲ್ ಮುಗಿದ ಮೇಲೆ, ಪೆನ್ನಿನ ಪೆಟ್ಟಿಗೆಯ ಮೇಲೆ ‘ಜಿ2’ ಎಂದು ಬರೆದಿದ್ದುದನ್ನು ನಂಬಿ ಪೈಲಟ್ ಜಿ2 ರೀಫಿಲ್ ತಂದರೆ ಅದು ಒಳಗೆ ಕೂರಲೇ ಇಲ್ಲ. ಈಗ ಐದಾರು ಸಾವಿರ ರೂಪಾಯಿ ಕೊಟ್ಟಾದರೂ ಸರಿಯಾದ ಒಂದು ಪೆನ್ನನ್ನು ಕೊಳ್ಳಬೇಕೆಂದಿದ್ದೇನೆ. ಯಾವ ಲೋಹ ಒಳ್ಳೆಯದು, ಕೊಳ್ಳುವ ಮೊದಲು ಏನನ್ನು ನೋಡಬೇಕು ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಪೆನ್ನು ಸಂಗ್ರಹಿಸುವ ಹವ್ಯಾಸಿ, ಮೈಸೂರು

ಡಾಕ್ಟರೇ, ಲೋಹದ ಮಾತಿಗೆ ಮೊದಲು ರೀಫಿಲ್ಲಿನ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಿ. ನಿಮಗಾದ ಗೊಂದಲ ಅನೇಕರಿಗೆ ಆಗಿದೆ. ಪಾರ್ಕರ್ ಪೆನ್ನಿಗೆ ಹಾಕುವ, ಸುಮಾರು 98 ಮಿಲಿಮೀಟರ್ ಉದ್ದದ ಗಟ್ಟಿ ರೀಫಿಲ್ಲಿಗೆ ಐಎಸ್ಒ 12757 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಜಿ2 ಎಂದು ಹೆಸರು. ಜಪಾನಿನ ಪೈಲಟ್ ಕಂಪನಿ ತನ್ನ ಜೆಲ್ ಪೆನ್ನಿಗೂ ಜಿ2 ಎಂದೇ ಹೆಸರಿಟ್ಟಿದೆ, ಆದರೆ ಅದರ ರೀಫಿಲ್ ಸುಮಾರು 11 ಸೆಂಟಿಮೀಟರ್ ಉದ್ದವಿದ್ದು ಆಕಾರವೂ ಬೇರೆ. ಎರಡಕ್ಕೂ ಸಂಬಂಧವಿಲ್ಲ. ನಿಮ್ಮ ಪೆಟ್ಟಿಗೆಯ ಮೇಲಿದ್ದುದು ಮೊದಲನೆಯ ಜಿ2.

ನಿಮ್ಮ ಕೆಲಸಕ್ಕೆ ಪಾರ್ಕರ್ ಮಾದರಿಯ ರೀಫಿಲ್ ಹಿಡಿಯುವ ಪೆನ್ನೇ ಆಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ಈ ಅಳತೆಯ ರೀಫಿಲ್ ತಾಲ್ಲೂಕು ಕೇಂದ್ರದ ಪುಸ್ತಕದ ಅಂಗಡಿಯಲ್ಲೂ ಸಿಗುತ್ತದೆ. ಜರ್ಮನಿಯ ಶ್ಮಿಟ್ ಸೇರಿದಂತೆ ಹಲವು ಕಂಪನಿಗಳು ಇದೇ ಅಳತೆಯಲ್ಲಿ ಬೇರೆ ಬೇರೆ ಶಾಯಿಯ ರೀಫಿಲ್ಲುಗಳನ್ನು ಮಾಡುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಫಿಶರ್ ಕಂಪನಿಯ ಸ್ಪೇಸ್ ಪೆನ್ ರೀಫಿಲ್ಲಿನ ಹಿಂಬದಿಗೆ ಒಂದು ಪುಟ್ಟ ಪ್ಲಾಸ್ಟಿಕ್ ತುಂಡನ್ನು ಸಿಕ್ಕಿಸಿದರೆ ಅದೂ ಈ ಪೆನ್ನುಗಳಲ್ಲಿ ಕೂರುತ್ತದೆ. 1968ರಲ್ಲಿ ಅಪೊಲೊ 7ರ ಗಗನಯಾತ್ರಿಗಳು ಬಳಸಿದ ಪೆನ್ನಿನ ತಂತ್ರ ಅದರಲ್ಲಿದೆ: ಮುಚ್ಚಿದ ಲೋಹದ ಕೊಳವೆಯೊಳಗಿನ ಒತ್ತಡದ ನೈಟ್ರೋಜನ್ ಶಾಯಿಯನ್ನು ತುದಿಯ ಪುಟ್ಟ ಗುಂಡಿನ ಕಡೆಗೆ ತಳ್ಳುತ್ತಿರುತ್ತದೆ. ಆದ್ದರಿಂದ ಗೋಡೆಗೆ ಕಾಗದ ಒತ್ತಿ ಬರೆದರೂ, ಮಳೆಯ ತೇವ ಹಿಡಿದ ಹಾಳೆಯ ಮೇಲೆ ಬರೆದರೂ ಶಾಯಿಯ ಹರಿವು ನಿಲ್ಲುವುದಿಲ್ಲ. ನುಣುಪು ಜೆಲ್ ಪೆನ್ನಿನಷ್ಟಿಲ್ಲ, ಆಗೊಮ್ಮೆ ಈಗೊಮ್ಮೆ ಶಾಯಿಯ ಚಿಕ್ಕ ಗಂಟು ಬೀಳುವುದೂ ಉಂಟು, ಆದರೂ ಕೊಟ್ಟಿಗೆಯಲ್ಲಿ ಅದೇ ಸರಿ. ಕಾರನ್ ದಾಶ್ 849 ಎಂಬ ಆರು ಮೂಲೆಯ ಅಲ್ಯೂಮಿನಿಯಂ ಪೆನ್ನನ್ನು ಯಾರಾದರೂ ನಿಮಗೆ ಸೂಚಿಸಬಹುದು. 1969ರಿಂದ ತಯಾರಾಗುತ್ತಿರುವ ಆ ಪೆನ್ನು ನನಗೆ ಬಹಳ ಇಷ್ಟ, ಆದರೆ ಅದು ತನ್ನದೇ ಗೋಲಿಯಾತ್ ರೀಫಿಲ್ಲಿಗೆಂದು ಮಾಡಿದ್ದು, ಸಾಗರದ ಅಂಗಡಿಯಲ್ಲಿ ಅದನ್ನು ಹುಡುಕುವ ಕಷ್ಟ ನಿಮಗೆ ಬೇಡ.

ಉತ್ತರ: ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಡೆಸುವ ಲೇತ್) ಕೆಲಸಗಾರ, ಪೀಣ್ಯ, ಬೆಂಗಳೂರು

ಮೊದಲು ಒಂದು ಎಚ್ಚರಿಕೆಯ ಮಾತು, ಸರ್. ಲೇತ್‌ನಲ್ಲಿ ಸುಲಭವಾಗಿ ಕಡೆಯಲು ಬರಲೆಂದು ಬಳಸುವ ಹಿತ್ತಾಳೆ ಸರಳಿನಲ್ಲಿ ಸಾಮಾನ್ಯವಾಗಿ ಶೇ 3ರ ಸುಮಾರಿಗೆ ಸೀಸ ಬೆರೆತಿರುತ್ತದೆ. ಸೀಸವಿರುವುದರಿಂದಲೇ ಚಿಪ್ಸ್, ಅಂದರೆ ಕಡೆದ ಲೋಹದ ಚೂರುಗಳು, ಪುಡಿಪುಡಿಯಾಗಿ ಉದುರಿ ಕೆಲಸ ನಯವಾಗಿ ಬರುತ್ತದೆ. ಕೈಯಲ್ಲಿ ಹಿಡಿದು ಬರೆಯುವುದಕ್ಕೆ ಅಡ್ಡಿಯಿಲ್ಲ, ಆದರೆ ಹಲ್ಲಿನಲ್ಲಿ ಕಚ್ಚಿಕೊಳ್ಳುವ ಪೆನ್ನಿಗೆ ಆ ಲೋಹ ಖಂಡಿತ ಬೇಡ.

ಇನ್ನು ತೂಕ. ಒಂದೇ ನಕ್ಷೆಯ ಪೆನ್ನಿನ ಮೈ ಅಲ್ಯೂಮಿನಿಯಂನಲ್ಲಿ 20 ಗ್ರಾಂ ಬಂದರೆ, ಟೈಟಾನಿಯಂನಲ್ಲಿ ಸುಮಾರು 33, ಸ್ಟೇನ್‌ಲೆಸ್ ಸ್ಟೀಲಿನಲ್ಲಿ 59, ಹಿತ್ತಾಳೆಯಲ್ಲಿ 63, ತಾಮ್ರದಲ್ಲಿ 66 ಗ್ರಾಂ ಬರುತ್ತದೆ. ಇದು ಲೋಹಗಳ ಸಾಂದ್ರತೆಯಿಂದ ಕಟ್ಟಿದ ಲೆಕ್ಕ. ಬಗ್ಗಿದಾಗಲೆಲ್ಲ ಜೇಬಿನಿಂದ ಜಾರುವುದು ಭಾರದ ಪೆನ್ನೇ. ಟೈಟಾನಿಯಂಗೆ ಬೆವರಾಗಲಿ, ಮಳೆಯಾಗಲಿ, ನೀವು ಬಳಸುವ ಅಯೋಡಿನ್ ದ್ರಾವಣವಾಗಲಿ ಏನೂ ಮಾಡಲಾರವು. ಅದು ಬೇಗ ಬಿಸಿಯಾಗಿ ಟೂಲಿನ ತುದಿಯನ್ನು ತಿಂದುಹಾಕುತ್ತದೆ, ಆದ್ದರಿಂದ ನಿಧಾನವಾಗಿ ಕಡೆಯಬೇಕು. ಬೆಲೆ ಏರುವುದಕ್ಕೆ ಅದೂ ಒಂದು ಕಾರಣ.

ಆದರೆ ಪೆನ್ನು ಚೆನ್ನಾಗಿ ತಯಾರಾಗಿದೆಯೇ ಎಂಬುದನ್ನು ಲೋಹ ಹೇಳುವುದಿಲ್ಲ, ಮೂತಿಯ ತೂತು ಹೇಳುತ್ತದೆ. ಪಾರ್ಕರ್ ರೀಫಿಲ್ಲಿನ ತುದಿ ಎರಡೂವರೆ ಮಿಲಿಮೀಟರ್‌ನಷ್ಟು ದಪ್ಪವಿರುತ್ತದೆ. ತೂತು ಅದಕ್ಕಿಂತ ಒಂದು ಕೂದಲೆಳೆಯಷ್ಟೇ ದೊಡ್ಡದಾಗಿರಬೇಕು. ಹೆಚ್ಚಾದರೆ ಪ್ರತಿ ಅಕ್ಷರಕ್ಕೂ ತುದಿ ಅಲುಗಾಡಿ ಟಕಟಕ ಸದ್ದು ಕೇಳುತ್ತದೆ, ತೀರಾ ಬಿಗಿಯಾದರೆ ಬೇರೆ ಕಂಪನಿಯ ರೀಫಿಲ್ ಒಳಗೇ ಸಿಕ್ಕಿಕೊಳ್ಳುತ್ತದೆ. ಈ ಒಂದು ಅಳತೆಯಲ್ಲಿ ಶ್ರದ್ಧೆ ತೋರಿಸಿದವರು ಉಳಿದ ಕಡೆಯೂ ತೋರಿಸಿರುತ್ತಾರೆಂಬುದು ಇಷ್ಟು ವರ್ಷ ಮೆಷಿನಿನ ಮುಂದೆ ನಿಂತು ನಾನು ಕಂಡುಕೊಂಡದ್ದು. ಆಮೇಲೆ ಥ್ರೆಡ್, ಅಂದರೆ ಭಾಗಗಳನ್ನು ತಿರುಗಿಸಿ ಕೂಡಿಸುವ ಸುರುಳಿ ಗೆರೆಗಳನ್ನು, ನೋಡಿ. ತಿರುಗಿಸುವಾಗ ಮರಳು ಸಿಕ್ಕಂತೆ ಗರಗರ ಎನ್ನಬಾರದು, ಕೊನೆಯಲ್ಲಿ ಎರಡು ಭಾಗಗಳ ಮುಖಗಳು ಪೂರ್ತಿ ಕೂಡಿ ಗಟ್ಟಿಯಾಗಿ ನಿಲ್ಲಬೇಕು. ಆ ಮುಖಗಳು ನೇರವಾಗಿಲ್ಲದಿದ್ದರೆ ಎಷ್ಟು ಬಿಗಿ ಮಾಡಿದರೂ ಬಿಚ್ಚಿಕೊಳ್ಳುತ್ತದೆ; ನಿಮ್ಮ ಹಳೆಯ ಪೆನ್ನಿನಲ್ಲಿ ಆಗಿದ್ದು ಅದೇ ಇರಬೇಕು. ಉಗುರಿನಿಂದ ಅಂಚುಗಳನ್ನು ಸವರಿದರೆ ಬರ್ (ಕಡೆದಾಗ ಅಂಚಿನಲ್ಲಿ ಉಳಿಯುವ ಚೂಪಾದ ಲೋಹದ ಎಳೆ) ಉಳಿದಿದ್ದರೆ ತಕ್ಷಣ ತಿಳಿಯುತ್ತದೆ.

ಹಿಡಿಯುವ ಜಾಗದಲ್ಲಿ ನರ್ಲಿಂಗ್ (ಕೈ ಜಾರದಿರಲೆಂದು ಮೂಡಿಸಿದ ಸಣ್ಣ ಹಲ್ಲುಗಳು) ಇರುವ ಪೆನ್ನನ್ನು ನಾನು ನಿಮಗೆ ಹೇಳಲಾರೆ. ಆ ಸಣ್ಣ ಹಲ್ಲುಗಳ ನಡುವೆ ಸಗಣಿ ಒಣಗಿದರೆ ತೆಗೆಯುವುದು ಕಷ್ಟ. ಸುತ್ತಲೂ ಆಳವಿಲ್ಲದ ಗೆರೆಗಳಿದ್ದರೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಬಹುದು.

ಉತ್ತರ: ಅರಣ್ಯ ಸರ್ವೆ ಕೆಲಸದವರು, ಮಡಿಕೇರಿ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಒಂದು ಕೈಯಲ್ಲಿ ಹಗ್ಗವಿರುವವರಿಗೆ ಕ್ಯಾಪ್ ತಿರುಗಿಸಿ ತೆಗೆಯುವ ಪೆನ್ನು ಎಷ್ಟೇ ಚೆನ್ನಾಗಿದ್ದರೂ ಆಗದು, ಹಾಗಾಗಿ ಉಳಿಯುವುದು ತಲೆಯನ್ನು ಒತ್ತುವ ಕ್ಲಿಕ್ ಮತ್ತು ಸೀಳಿನಲ್ಲಿ ಗುಂಡಿ ಸರಿಸುವ ಬೋಲ್ಟ್ ಎರಡೇ. ಕ್ಲಿಕ್ಕಿನ ಒಳಗಿನ ಯಂತ್ರ ಹಲವು ಪೆನ್ನುಗಳಲ್ಲಿ ಹೊರಗಿನಿಂದ ಕೊಂಡು ಕೂರಿಸಿದ್ದಾಗಿರುತ್ತದೆ, ಅದರ ಬಿಡಿಭಾಗಗಳು ಪ್ಲಾಸ್ಟಿಕ್ ಇರುವುದೂ ಉಂಟು. ಬೋಲ್ಟ್ ಪೆನ್ನಿನಲ್ಲಿ ಒಂದು ಸ್ಪ್ರಿಂಗ್, ಒಂದು ಸಣ್ಣ ಗುಂಡಿ, ಮೈಯಲ್ಲಿ ಕೊರೆದ ಕೊಕ್ಕೆಯಾಕಾರದ ಸೀಳು, ಇಷ್ಟೇ. ಸೀಳಿನೊಳಗೆ ಮಣ್ಣು ಹೋಗುತ್ತದೆ ಎನ್ನುವವರಿದ್ದಾರೆ, ಹೋಗುವುದೂ ನಿಜ, ಆದರೆ ರೀಫಿಲ್ ಹೊರತೆಗೆದು ನಲ್ಲಿಯ ಕೆಳಗೆ ಹಿಡಿದರೆ ಕೆಲಸ ಮುಗಿಯಿತು. ನಾನು ನಾಲ್ಕು ಮಳೆಗಾಲ ಹೀಗೆಯೇ ಕಳೆದಿದ್ದೇನೆ. ಕ್ಲಿಪ್ ಮಾತ್ರ ಸ್ಪ್ರಿಂಗಿನಂತೆ ಬಗ್ಗಿ ಮರಳುವಂಥದ್ದಿರಲಿ, ಸ್ಕ್ರೂ ಹಾಕಿ ಕೂರಿಸಿದ್ದಾದರೆ ಬದಲಾಯಿಸಲೂಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಸೀಸದ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಿತ್ತಾಳೆಯ ಪೆನ್ನನ್ನು ಹುಣಸೆಹುಳಿ ಹಚ್ಚಿ ತೊಳೆದು ಮನೆಯ ಮೇಜಿನ ಮೇಲಿಟ್ಟಿದ್ದೇನೆ, ಅದಿನ್ನು ಅಲ್ಲೇ ಇರಲಿ. ಪಾರ್ಕರ್ ಅಳತೆಯ, ಬೋಲ್ಟ್ ಇರುವ ಟೈಟಾನಿಯಂ ಪೆನ್ನನ್ನೇ ಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ಟೈಟಾನಿಯಂ ಥ್ರೆಡ್ಡುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ ಎಂದು ಒಂದು ಕಡೆ ಓದಿದೆ, ಅದು ನಿಜವೇ?

ಉತ್ತರ: ಸಿಎನ್‌ಸಿ ಟರ್ನಿಂಗ್ ಕೆಲಸಗಾರ, ಪೀಣ್ಯ

ನಿಜ, ಸರ್. ಟೈಟಾನಿಯಂ ಮೇಲೆ ಟೈಟಾನಿಯಂ ಒಣದಾಗಿ ಉಜ್ಜಿದರೆ ಮೇಲ್ಮೈ ಹರಿದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಆಮೇಲೆ ಬಲವಾಗಿ ತಿರುಗಿಸಿದರೆ ಥ್ರೆಡ್ಡೇ ಹಾಳಾಗುತ್ತದೆ. ಪೆನ್ನು ಬಂದ ದಿನವೇ ಬಿಚ್ಚಿ, ಥ್ರೆಡ್ ಒರೆಸಿ, ಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಸಿಲಿಕೋನ್ ಗ್ರೀಸ್ ಹಚ್ಚಿ. ಆಮೇಲೆ ರೀಫಿಲ್ ಬದಲಾಯಿಸುವಾಗಲೊಮ್ಮೆ ಹಚ್ಚಿದರೆ ಸಾಕು.