ಮಿನಿಗೆ ಮೂಗು ಕೊಯ್ಯುವ ಸಭೆ

ಶನಿವಾರ ಬೆಳಿಗ್ಗೆ ರಘು ಫೋನ್ ಮಾಡಿ "ಗ್ರೈಂಡರ್ ಇದೆಯಾ ನಿನ್ಹತ್ರ?" ಅಂದ. ದೋಸೆ ಹಿಟ್ಟಿಗಿರಬೇಕು ಅಂದುಕೊಂಡು "ಇದೆ ಕಣೋ, ಕಲ್ಲು ಸ್ವಲ್ಪ ಸವೆದಿದೆ" ಅಂದೆ. ಒಂದು ನಿಮಿಷ ಸದ್ದಿಲ್ಲ. ಆಮೇಲೆ ಗೊತ್ತಾಯಿತು, ಅವನಿಗೆ ಬೇಕಾಗಿದ್ದು ತಗಡು ಕೊಯ್ಯುವ ಗ್ರೈಂಡರ್.

ಇಂಗ್ಲೆಂಡಿನ ಕವೆಂಟ್ರಿಯ ಅವನ ಮನೆ ಗ್ಯಾರೇಜಿಗೆ ನಾನು ಹೋಗುವಷ್ಟರಲ್ಲಿ ಪ್ರಸಾದ ಆಗಲೇ ಮಡಚುವ ಕುರ್ಚಿ ಹಾಕಿಕೊಂಡು, ಚಹಾ ಹಿಡಿದು, ಸಲಹೆ ಕೊಡಲು ಸಿದ್ಧವಾಗಿ ಕೂತಿದ್ದ. ಎದುರಿಗೆ ರಘುವಿನ ಮಿನಿ ಕಾರು. 1978ರದು, 998 ಸಿಸಿ, ಸಾಸಿವೆ ಬಣ್ಣ. ಬಾನೆಟ್ ಎತ್ತಿ ನಿಲ್ಲಿಸಿತ್ತು. ರಘುವಿನ ಬಲಗೈ ಮೊಣಕೈವರೆಗೆ ಗೀರಿಹೋಗಿತ್ತು, ಬೆಕ್ಕಿನ ಜೊತೆ ಆಸ್ತಿ ಪಾಲು ಮಾಡಿಕೊಂಡು ಬಂದವನ ಹಾಗೆ.

"ಮೂಗು ಕೊಯ್ದುಬಿಡ್ತೀನಿ" ಅಂದ.

"ಯಾರದ್ದು?"

"ಇವಳದ್ದು. ಮುಂದಿನ ಪ್ಯಾನೆಲ್ಲು, ಎರಡೂ ಕಡೆ ಮಡ್‌ಗಾರ್ಡು, ಎಲ್ಲಾ ಕೊಯ್ದು ಬಿಸಾಕಿ ಒಂದೇ ತುಂಡಿನ ಫೈಬರ್ ಗ್ಲಾಸ್ ಮುಖ ಹಾಕ್ತೀನಿ. ಕೆಳಗೆ ಎರಡು ಕೀಲು. ಹಿಡಿದು ಮುಂದಕ್ಕೆ ಬಗ್ಗಿಸಿದ್ರೆ ಇಡೀ ಎಂಜಿನ್ ತಟ್ಟೆಯಲ್ಲಿಟ್ಟ ಇಡ್ಲಿ ಥರ ಕಾಣುತ್ತೆ."

"ಲಕ್ಷ್ಮಣ ಕೊಯ್ದು ಏನಾಯ್ತು ಗೊತ್ತಲ್ವಾ?" ಅಂದ ಪ್ರಸಾದ. "ಅಲ್ಲಿಂದ ಶುರುವಾಗಿದ್ದು ಲಂಕೆ ಸುಟ್ಟರೂ ಮುಗೀಲಿಲ್ಲ."

"ಅಷ್ಟಕ್ಕೂ ಏನು ತೊಂದರೆ?" ಅಂತ ನಾನು ಕೇಳಿದೆ.

ರಘು ತೋರಿಸಿದ. ಒಂದು ರಬ್ಬರ್ ಪೈಪು. ಹೆಬ್ಬೆರಳಿಗಿಂತ ಚೂರು ದಪ್ಪ, ಉದ್ದ ಹೆಚ್ಚೆಂದರೆ ಎರಡು ಇಂಚು. ಬೈಪಾಸ್ ಪೈಪು ಅಂತ ಹೆಸರು. ಎಂಜಿನ್ ಹೆಡ್ಡಿಗೂ ಅದರ ಕೆಳಗಿನ ವಾಟರ್ ಪಂಪಿಗೂ ನಡುವೆ ಕೂತಿರುತ್ತದೆ. ಅದು ಸೋರುತ್ತಿದೆ. ಪೈಪಿನ ಬೆಲೆ ಇಲ್ಲಿನ ಒಂದು ಕಾಫಿಯಷ್ಟೂ ಇಲ್ಲ. ಆದರೆ ಮೇಲಿನ ಮೂತಿಯೂ ಕಬ್ಬಿಣ, ಕೆಳಗಿನ ಮೂತಿಯೂ ಕಬ್ಬಿಣ, ಎರಡೂ ಎದುರುಬದುರು ನೆಟ್ಟು ಕೂತಿವೆ, ಒಂದೂ ಒಂದು ನೂಲು ಸರಿಯುವುದಿಲ್ಲ. ಸರಿಯಾಗಿ ಹಾಕಬೇಕು ಅಂದರೆ ಹೆಡ್ ಎತ್ತಬೇಕು, ಇಲ್ಲಾ ಪಂಪ್ ಬಿಚ್ಚಬೇಕು. ಅದೆಲ್ಲ ಬೇಡ ಅನ್ನುವವರಿಗೆ ಅಂತಲೇ ಅಕಾರ್ಡಿಯನ್ ಥರ ನೆರಿಗೆ ಇರುವ ಪೈಪು ಸಿಗುತ್ತದೆ, ಹಿಸುಕಿ ಗಿಡ್ಡ ಮಾಡಿ ತೂರಿಸಬೇಕು. ರಘು ಬೆಳಿಗ್ಗೆ ಏಳರಿಂದ ಹಿಸುಕುತ್ತಿದ್ದ. ಮೇಲೆ ಕೂರಿಸಿದರೆ ಕೆಳಗೆ ಎದ್ದು ಬರುತ್ತಿತ್ತು, ಕೆಳಗೆ ಕೂರಿಸಿದರೆ ಮೇಲೆ. ಅಷ್ಟರಲ್ಲಿ ಅವನ ಕೈಯಿಂದ 7/16 ಇಂಚಿನ ಸ್ಪ್ಯಾನರ್ ಜಾರಿ ಒಳಗೆ ಬಿದ್ದಿತ್ತು. ನೆಲಕ್ಕೆ ಬಿದ್ದ ಸದ್ದು ಮಾತ್ರ ಬಂದಿರಲಿಲ್ಲ.

"ಇದನ್ನ ಮಾಡಿದ ಮಹಾನುಭಾವ ಯಾರು?"

ಯಾರು ಅಂದರೆ ಮಿನಿಯ ವಿನ್ಯಾಸಕ ಅಲೆಕ್ ಇಸಿಗೋನಿಸ್. ಸೂಯೆಜ್ ಕಾಲುವೆ ಗಲಾಟೆಯಲ್ಲಿ ಪೆಟ್ರೋಲಿಗೆ ತತ್ವಾರ ಬಂದಾಗ ಶುರುವಾದ ಕಾರು ಇದು, ಮಾರುಕಟ್ಟೆಗೆ ಬಂದಿದ್ದು 1959ರ ಆಗಸ್ಟಿನಲ್ಲಿ. ಇಡೀ ಉದ್ದ ಹತ್ತು ಅಡಿ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜನಕ್ಕೂ ಅವರ ಗಂಟುಮೂಟೆಗೂ ಅಂತ ಅವನ ಹಟ. ಉಳಿದ ಚೂರು ಜಾಗದಲ್ಲಿ ಎಂಜಿನ್ನನ್ನು ಅಡ್ಡಡ್ಡ ಮಲಗಿಸಿದ, ಗೇರ್‌ಬಾಕ್ಸನ್ನು ಅದರ ಹೊಟ್ಟೆ ಕೆಳಗೆ ಎಣ್ಣೆ ನಿಲ್ಲುವ ಸಂಪಿನೊಳಗೆ ಸೇರಿಸಿದ, ಎರಡಕ್ಕೂ ಒಂದೇ ಎಣ್ಣೆ. ರೇಡಿಯೇಟರಿಗೆ ಮುಂದೆ ಜಾಗವಿಲ್ಲ ಅಂತ ಅದನ್ನು ಎಡಗಡೆ ಚಕ್ರದ ಗೋಡೆಗೆ ಒರಗಿಸಿದ. ಜಾಣತನ ಒಪ್ಪುತ್ತೇನೆ. ಆದರೆ ನಾಲ್ಕು ಜನ ಆರಾಮಾಗಿ ಕೂರುವ ನಡುಮನೆ ಕಟ್ಟಿ, ಅಡುಗೆಯವನನ್ನು ಬೀರುವಿನೊಳಗೆ ನಿಲ್ಲಿಸಿ ಸಾರು ಕುದಿಸು ಅಂದ ಹಾಗಾಯಿತು ಅಷ್ಟೇ.

"ನಮ್ಮಪ್ಪನ ಹೆರಾಲ್ಡ್‌ನಲ್ಲಿ..." ಅಂದ ಪ್ರಸಾದ.

ಬಂತು. ಪ್ರಸಾದ ಮೈಸೂರಿನವನು. ಯಾವ ವಿಷಯ ಎತ್ತಿದರೂ ಹತ್ತು ನಿಮಿಷದಲ್ಲಿ ಅವನಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಬಂದು ನಿಲ್ಲುತ್ತದೆ. ಹೋದ ತಿಂಗಳು ಮಕ್ಕಳ ಶಾಲೆ ಫೀಸಿನ ಮಾತಿನ ನಡುವೆ ಬಂದು ನಿಂತಿತ್ತು. ಆದರೆ ಈ ಸಲ ಅವನ ಮಾತಲ್ಲಿ ಹುರುಳಿತ್ತು ಅನ್ನಬೇಕು.

"ಬದಿಯಲ್ಲಿ ಎರಡು ಕೊಂಡಿ. ಬಿಚ್ಚಿ ಎತ್ತಿದ್ರೆ ಬಾನೆಟ್ಟು, ಮಡ್‌ಗಾರ್ಡು, ದೀಪ, ಇಡೀ ಮುಖವೇ ಮುಂದಕ್ಕೆ ಬಗ್ಗಿ ನಮಸ್ಕಾರ ಮಾಡ್ತಿತ್ತು. ನಮ್ಮಪ್ಪ ಮುಂದಿನ ಟಯರ್ ಮೇಲೆ ಕೂತು, ಪಂಚೆ ಮೇಲೆ ಕಟ್ಟಿಕೊಂಡು, ಪ್ಲಗ್ ಬಿಚ್ಚಿ ಸೀಮೆಎಣ್ಣೇಲಿ ತೊಳೀತಿದ್ದರು. ಬೆನ್ನು ಬಗ್ಗಿಸಿದ್ದೇ ಇಲ್ಲ. ಅದೂ 1959ರದೇ ಮಾಡೆಲ್ಲು ಮಾರಾಯ. ಇದೇ ಕವೆಂಟ್ರಿಯ ಟ್ರಯಂಫ್‌ನವರದು. ಮದ್ರಾಸಲ್ಲಿ ಮಾಡ್ತಿದ್ದರು ಆಮೇಲೆ."

"ಅದನ್ನೇ ನಾನೂ ಹೇಳ್ತಿರೋದು!" ರಘುವಿನ ಮುಖ ಅರಳಿತು. "ಹೆರಾಲ್ಡ್‌ಗೆ ಆಗೋದು ಮಿನಿಗೆ ಯಾಕಾಗಲ್ಲ?"

ಇಲ್ಲಿ ನಾನು ಬಾಯಿ ಹಾಕಬೇಕಾಯಿತು. ಹೆರಾಲ್ಡ್‌ಗೆ ಕೆಳಗೆ ಬೇರೆಯೇ ಚಾಸಿ, ಅಂದರೆ ಗಾಡಿ ಹೊರುವ ಚೌಕಟ್ಟು, ಇದೆ. ಮೇಲಿನ ಮೈ ಅಂಗಿ ಇದ್ದ ಹಾಗೆ, ಗುಂಡಿ ಬಿಚ್ಚಿದರೂ ಮೂಳೆಗೇನೂ ಆಗುವುದಿಲ್ಲ. ಮಿನಿಗೆ ಮೈಯೇ ಮೂಳೆ. ಎಂಜಿನ್ನು, ಸಸ್ಪೆನ್ಷನ್ನು ಹೊತ್ತ ಸಬ್‌ಫ್ರೇಮ್ ಇದೆಯಲ್ಲ, ಅದರ ಮುಂದಿನ ತುದಿ ಹಿಡಿದಿರುವುದೇ ನೀನು ಕೊಯ್ಯಲು ಹೊರಟ ಆ ಪ್ಯಾನೆಲ್ಲು. ಕೊಯ್ದ ಮೇಲೆ ಒಳಗಿಂದ ಕೊಳವೆ ಕೊಟ್ಟು ಬಿಗಿಯದಿದ್ದರೆ ಗಾಡಿ ಓಲಾಡುತ್ತದೆ. ಫೈಬರ್ ಮುಖದಲ್ಲಿ ಕೂರಿಸಿದ ದೀಪಗಳಂತೂ ರಸ್ತೆ ಹೊಂಡ ಕಂಡಾಗಲೆಲ್ಲ ಹೂಂ ಹೂಂ ಅಂತ ತಲೆ ಆಡಿಸುತ್ತವೆ. ರೇಸ್ ಓಡಿಸುವವರು ಮಾಡಿಸುತ್ತಾರೆ, ಸರಿ, ಅವರು ವಾರ ವಾರ ಎಂಜಿನ್ ಇಳಿಸುತ್ತಾರೆ. ನೀನು ಓಡಿಸುವುದು ತರಕಾರಿ ತರೋಕೆ.

"ಖರ್ಚು ಎಷ್ಟಾಗಬಹುದು?" ಅಂದ ಪ್ರಸಾದ. ರಘು ಹೇಳಿದ. ಮುಖ, ಕೀಲು, ಕೊಳವೆ, ಬಣ್ಣ ಎಲ್ಲಾ ಸೇರಿಸಿ.

"ಮೂಗಿಗಿಂತ ಮೂಗುತಿ ಭಾರ."

"ಉದ್ದ ಮೂಗಿನ ಮಿನಿಯೂ ಇತ್ತು" ಅಂತ ಸುಮ್ನೆ ನೆನಪಿಸಿದೆ. 1969ರಲ್ಲಿ ಬಂದ ಕ್ಲಬ್‌ಮನ್. ಮೂತಿ ನಾಲ್ಕೈದು ಇಂಚು ಮುಂದಕ್ಕೆ, ಕೈಯಾಡಿಸಲು ಜಾಗ ಜಾಸ್ತಿ. "ಅದರ ಮುಖ ನೋಡಿದ್ದೀಯಾ?" ಅಂದ ರಘು, ಹೆಣ್ಣು ನೋಡಿ ಬಂದ ಗಂಡಿನ ದನಿಯಲ್ಲಿ. ಆ ಮಾತು ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ಶೈಲಾ ಗ್ಯಾರೇಜಿಗೆ ಬಂದಳು. ರಘುವಿನ ಹೆಂಡತಿ, ಓದಿದ್ದು ಮೆಕ್ಯಾನಿಕಲ್. ರಘು ಓದಿದ್ದು ಕಂಪ್ಯೂಟರ್. ಆದರೂ ಗ್ಯಾರೇಜಿನ ಯಜಮಾನ ಅವನೇ, ಯಾಕೆ ಅಂತ ಯಾರೂ ಕೇಳಿಲ್ಲ. ಅವಳು ಬಂದಿದ್ದು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹುಡುಕಿಕೊಂಡು. ನಮ್ಮ ವಾದ ಎರಡು ನಿಮಿಷ ಕೇಳಿಸಿಕೊಂಡು, ಬಗ್ಗಿ, ಫೋನಿನ ಟಾರ್ಚ್ ಬಿಟ್ಟು ನೋಡಿದಳು.

"ಈ ಪೈಪು ಇರೋದು ರೇಡಿಯೇಟರ್ ಹಿಂದೆ. ರೇಡಿಯೇಟರ್ ಇರೋದು ಎಡಗಡೆ ಒಳಗೋಡೆಗೆ. ಮೂಗು ಕೊಯ್ದರೂ ಒಳಗೋಡೆ, ರೇಡಿಯೇಟರ್ ಎರಡೂ ಅಲ್ಲೇ ಇರುತ್ತೆ ಅಲ್ವಾ?"

ಯಾರೂ ಮಾತಾಡಲಿಲ್ಲ. ಪ್ರಸಾದ ಚಹಾ ಲೋಟದೊಳಗೆ ಏನೋ ಹುಡುಕತೊಡಗಿದ.

"ರೇಡಿಯೇಟರ್ ಇಳಿಸಿ. ಪಂಪ್ ಬಿಚ್ಚಿ. ಪೈಪು ಹಾಕಿ. ಮಧ್ಯಾಹ್ನದೊಳಗೆ ಮುಗಿಯುತ್ತೆ. ಮೊದಲು ಆ ಬಾನೆಟ್ ತೆಗೀರಿ, ನಾಲ್ಕೇ ನಟ್ಟು, ಅದರ ಕೆಳಗೆ ತಲೆ ಹಾಕಿ ಯಾಕೆ ಒದ್ದಾಡ್ತೀರಿ? ಕೀಲಿನ ಸುತ್ತ ಮಾರ್ಕರಲ್ಲಿ ಗೆರೆ ಹಾಕ್ಕೊಳ್ಳಿ, ಇಲ್ಲದಿದ್ದರೆ ವಾಪಸ್ ಹಾಕುವಾಗ ಸೊಟ್ಟ ಕೂರುತ್ತೆ. ಆಮೇಲೆ ಮುಂದಿನ ಜಾಲರಿ, ಆ ಗ್ರಿಲ್ಲೂ ತೆಗೀರಿ."

ಗ್ರಿಲ್ಲಿನ ವಿಷಯದಲ್ಲಿ ಅವಳ ಮಾತಿಗೆ ನನ್ನದೂ ಪೂರ್ತಿ ವೋಟು. ಆಯಿಲ್ ಫಿಲ್ಟರು, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರು, ಸ್ಟಾರ್ಟರು, ಪದೇ ಪದೇ ಕೈ ಹಾಕಬೇಕಾದ ಮೂರೂ ಗ್ರಿಲ್ಲಿನ ಬೆನ್ನಿಗೇ ಇವೆ. ಅದನ್ನು ಸಣ್ಣ ಸಣ್ಣ ಸ್ಕ್ರೂ ಹೊಡೆದು ಕೂರಿಸಿರುತ್ತಾರೆ, ನಲವತ್ತು ವರ್ಷದ ಮಳೆಗೆ ಅವೆಲ್ಲ ತುಕ್ಕು ಹಿಡಿದು ತಲೆ ಸವೆದಿರುತ್ತವೆ. ಬದಲಿಗೆ ಕೈಯಲ್ಲೇ ತಿರುಗಿಸುವ ಗುಂಡಿಗಳು ಸಿಗುತ್ತವೆ. ಹಾಕಿಸಿಕೊಂಡರೆ ಗ್ರಿಲ್ ಅರ್ಧ ನಿಮಿಷದಲ್ಲಿ ಕೈಗೆ ಬರುತ್ತದೆ. ಗ್ರೈಂಡರ್ ಬೇಡ, ಶೂರ್ಪನಖಿಯೂ ಬೇಡ.

ಹನ್ನೊಂದು ಸ್ಕ್ರೂ ಇತ್ತು. ಮೂರು ಮುರಿದವು. ಗ್ರಿಲ್ ಕೈಗೆ ಬಂತು.

ಹಿಂದೆ ಡಿಸ್ಟ್ರಿಬ್ಯೂಟರ್ ಮೇಲೆ ಹಳದಿ ರಬ್ಬರ್ ಗ್ಲೌಸ್ ಒಂದು ಕೂತಿತ್ತು. ಐದು ಬೆರಳ ತುದಿಯೂ ಕತ್ತರಿಸಿ, ನಾಲ್ಕರಲ್ಲಿ ಪ್ಲಗ್ ವೈರು, ಐದನೆಯದರಲ್ಲಿ ಕಾಯಿಲ್ ವೈರು. ಮಿನಿಯವರ ಹಳೇ ಉಪಾಯ ಅದು. ಡಿಸ್ಟ್ರಿಬ್ಯೂಟರ್ ನೇರ ಗ್ರಿಲ್ಲಿಗೆ ಮುಖ ಮಾಡಿ ಕೂತಿರುವುದರಿಂದ ಜೋರು ಮಳೆಗೆ ನೀರು ಕುಡಿದು ಗಾಡಿ ನಿಂತುಬಿಡುತ್ತದೆ. ಶೈಲಾ ಗ್ಲೌಸ್ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಇನ್ನೊಂದು ಎಲ್ಲಿ?"

"ಡಿಕ್ಕೀಲಿದೆ. ಸ್ಪೇರು."

ಪೈಪು ಮೂರು ಗಂಟೆಗೆ ಕೂತಿತು. ಬಹುಪಾಲು ಕೆಲಸ ಶೈಲಾದು, ಪಾತ್ರೆ ತೊಳೆದದ್ದು ರಘು, ಬರಿಗೈಯಲ್ಲಿ. ಕಳೆದುಹೋದ ಸ್ಪ್ಯಾನರಿಗಾಗಿ ಸಬ್‌ಫ್ರೇಮಿನ ಸಂದಿಯಲ್ಲೆಲ್ಲ ಕೈಯಾಡಿಸಿದೆವು. ಬಟ್ಟೆ ಒಣಗಿಸುವ ಕ್ಲಿಪ್ ಒಂದು, ಎರಡು ಪೆನ್ನಿ ನಾಣ್ಯ, ಪೂರ್ತಿ ತುಕ್ಕು ಹಿಡಿದ ಅರ್ಧ ಇಂಚಿನ ಸ್ಪ್ಯಾನರ್ ಸಿಕ್ಕವು. ಆ ಸ್ಪ್ಯಾನರ್ ನಮ್ಮದಲ್ಲ, ಹಿಂದಿನ ಯಾವನೋ ಬಡಪಾಯಿಯದು. ನಮ್ಮದು ಇನ್ನೂ ಸಿಕ್ಕಿಲ್ಲ. ಬಲಕ್ಕೆ ಜೋರಾಗಿ ತಿರುಗಿಸಿದಾಗ ಮಾತ್ರ ಒಳಗೆಲ್ಲೋ ಟಿಣ್ ಅನ್ನುತ್ತದೆ.