ಅಪ್‌ಡೇಟ್: ಫುಟ್‌ಪಾತಿನ ಅಜ್ಜನಿಗೆ ಚಿಕಿತ್ಸೆ ಸಿಕ್ಕಿತು

ಕೆ.ಆರ್. ಮಾರ್ಕೆಟ್ ಹತ್ತಿರ ಫುಟ್‌ಪಾತಿನಲ್ಲಿ ಮಲಗುವ ಅಜ್ಜನ ಕಾಲಿನ ಗಾಯ ಕೊಳೆಯುತ್ತಿದೆ, ಆಧಾರ್ ಇಲ್ಲ ಅಂತ ಆಸ್ಪತ್ರೆಯವರು ವಾಪಸ್ ಕಳಿಸಿದರು, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದಂತೆ ಮೊದಲು ಸರ್ಕಾರದ 'ನಮ್ಮ ಕ್ಲಿನಿಕ್'ಗೆ ಕರೆದುಕೊಂಡು ಹೋದೆ. ಪುಕ್ಕಟೆಯಾಗಿ ರಕ್ತ ಪರೀಕ್ಷೆ ಮಾಡಿದರು. ಶುಗರ್ ಬಹಳ ಜಾಸ್ತಿ ಇತ್ತು. ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕೌಂಟರಿನಲ್ಲಿ ಮತ್ತೆ ಅದೇ ಆಧಾರ್ ಪ್ರಶ್ನೆ! ತುರ್ತು ಸ್ಥಿತಿಯಲ್ಲಿ ಜೀವ ಉಳಿಸುವುದೇ ಮೊದಲು, ಕಾಗದಪತ್ರ ಆಮೇಲೆ ಎಂದು 1989ರಲ್ಲೇ ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ, ಅಲ್ವಾ? ಅದನ್ನೇ ಡ್ಯೂಟಿ ಡಾಕ್ಟರಿಗೆ ಹೇಳಿದೆ. ಅವರು ಗಾಯ ನೋಡಿದ ತಕ್ಷಣ ದಾಖಲು ಮಾಡಿಕೊಂಡರು. ಕಾಲು ಉಳಿಯಿತು.

ನಿಜವಾದ ಕಷ್ಟ ಶುರುವಾಗಿದ್ದು ಡಿಸ್ಚಾರ್ಜ್ ಆದ ಮೇಲೆ. ಇನ್ಸುಲಿನ್ ತಂಪಾಗಿರಬೇಕು, ಡ್ರೆಸ್ಸಿಂಗ್ ಒದ್ದೆಯಾಗಬಾರದು, ಹೊತ್ತಿಗೆ ಸರಿಯಾಗಿ ಊಟ ಬೇಕು. ಬೀದಿಯಲ್ಲಿ ಇದ್ಯಾವುದೂ ಆಗದ ಮಾತು. ಸೂರು ಕೊಡದೆ ಸುಮ್ನೆ ಔಷಧಿ ಕೊಟ್ಟು ಕಳಿಸಿದರೆ ಅದು ಅರ್ಧ ಚಿಕಿತ್ಸೆ ಎಂದೇ ನನ್ನ ಅಭಿಪ್ರಾಯ. ನಗರಗಳಲ್ಲಿ ಲಕ್ಷ ಜನರಿಗೆ ಒಂದು ಆಶ್ರಯ ಕೇಂದ್ರ ಇರಬೇಕು ಎಂಬ ನಿಯಮವಿದೆ. ಹಾಗೆ ನೋಡಿದರೆ ಕೋಟಿ ದಾಟಿದ ಬೆಂಗಳೂರಿಗೆ ನೂರಕ್ಕಿಂತ ಜಾಸ್ತಿ ಬೇಕು.

ಹುಡುಕಾಡಿ, ಪಾಲಿಕೆಯ ಒಂದು ಕೇಂದ್ರದಲ್ಲಿ ಅಜ್ಜನಿಗೆ ಜಾಗ ಸಿಕ್ಕಿದೆ. ಅಲ್ಲಿನ ಕೇರ್‌ಟೇಕರ್ ಅಕ್ಕ ಇನ್ಸುಲಿನ್ನನ್ನು ಫ್ರಿಜ್ಜಿನಲ್ಲಿಟ್ಟು, ಹೊತ್ತಿಗೆ ಸರಿಯಾಗಿ ನೆನಪಿಸುತ್ತಾರೆ. ಈಗ ಆ ಕೇಂದ್ರದ ವಿಳಾಸದಲ್ಲೇ ಆಧಾರ್, ಆಮೇಲೆ ರೇಷನ್ ಕಾರ್ಡ್ ಮಾಡಿಸಬೇಕು. ಇದನ್ನು ಮಾಡಿಸಿದ ಅನುಭವ ಇರುವವರು ದಯವಿಟ್ಟು ತಿಳಿಸಿ.