ಎರಡನೇ ಮಹಾಯುದ್ಧದ ಸಿಪಾಯಿ ಸಾಮಾನು: ಜೋಡಿಸೂದು ಹೆಂಗ, ತೊಳೀಬೇಕೋ ಬ್ಯಾಡೋ?

ಕೆಂಪುಮಣ್ಣು, ಹಾವೇರಿ:
ಹೈಸ್ಕೂಲಿನ ಪ್ರದರ್ಶನಕ್ಕ ಒಂದು ಹಳೇ ಟ್ರಂಕು ಬಂದೈತಿ. ಒಳಗ ಅಗಲ ಕ್ಯಾನ್ವಾಸ್ ಬೆಲ್ಟು, ಎರಡು ದೊಡ್ಡ ಪೌಚು, ಎರಡು ಉದ್ದ ಪಟ್ಟಿ, ಎಲ್ ಆಕಾರದ ಇನ್ನೆರಡು ಪಟ್ಟಿ, ಒಂದು ಚೌಕ ಚೀಲ, ಫೆಲ್ಟ್ ಹೊದಿಸಿದ ನೀಲಿ ಬಾಟಲಿ, ಅದರ ಪಟ್ಟಿ, ಗ್ಯಾಸ್ ಮಾಸ್ಕ್, ಮತ್ತ ಐದು ತೋಟಾ ಇರೋ ಒಂದು ಕ್ಲಿಪ್ಪು ಅದಾವ. ಪೌಚಿನ ಒಳಗ ಬಾಣದ ಗುರುತು, ಕೆಳಗ ಇಂಗ್ಲಿಷ್ ಐ, 1942. ಯಾವುದನ್ನ ಎಲ್ಲಿ ಸಿಗಿಸೂದು? ಬಟ್ಟಿ ಭಾಳ ಹೊಲಸ ಆಗೈತಿ, ಸರ್ಫ್ ಹಾಕಿ ತೊಳದ್ರ ನಡೀತೈತೇನ್ರಿ?

ಹಿತ್ತಾಳಿಕೊಕ್ಕಿ, ಧಾರವಾಡ:
ಮೊದಲ ಆ ಕ್ಲಿಪ್ಪಿನ ಮಾತು. ತೋಟಾದ ಬುಡದ ನಡುವಿನ ಕ್ಯಾಪಿನ ಮ್ಯಾಲ ಹೊಡದ ತಗ್ಗು ಇಲ್ಲಂದ್ರ ಅದು ಜೀವಂತ ಅಂತನ ತಿಳೀರಿ. ತಗ್ಗಿದ್ದು ತುದಿಯೊಳಗ ಗುಂಡು ಇನ್ನೂ ಕುಂತಿದ್ರೂ ನಂಬಬ್ಯಾಡ್ರಿ, ಹೊಡದ್ರೂ ಹಾರದ ತೋಟಾ ಇರ್ತಾವ. ತಿಕ್ಕೂದು, ಬಿಸಲಿಗಿ ಇಡೂದು, ಚೀಲದಾಗ ಹಾಕ್ಕೊಂಡು ಬಸ್ ಹತ್ತೂದು ಯಾವದೂ ಬ್ಯಾಡ. ಇದ್ದಲ್ಲೇ ಬಿಟ್ಟು ಹುಡುಗರನ್ನ ದೂರ ಇಟ್ಟು ಠಾಣೆಗಿ ಫೋನ್ ಮಾಡ್ರಿ. 1959ರ ಶಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದ ಜೀವಂತ ತೋಟಾ ಇಟ್ಟುಕೊಳ್ಳೂ ಹಂಗಿಲ್ಲ.

ಗ್ಯಾಸ್ ಮಾಸ್ಕ್ ಮುಖಕ್ಕ ಹಾಕ್ಕೊಂಡು ಫೋಟೋ ಹೊಡ್ಕೊಳ್ಳಾಕ ಯಾರಿಗೂ ಬಿಡಬ್ಯಾಡ್ರಿ. ಆ ಕಾಲದ ಭಾಳಷ್ಟು ಫಿಲ್ಟರಿನಾಗ ಕಲ್ನಾರು ಇತ್ತು. ಎರಡು ಪಾಲಿಥಿನ್ ಚೀಲದಾಗ ಕಟ್ಟಿ ಗಾಜಿನ ಹಿಂದ ಇಡ್ರಿ.

ದುರ್ಗದಬೈಲ, ಹುಬ್ಬಳ್ಳಿ:
ಇದು ಬ್ರಿಟಿಷ್ ಸೈನ್ಯದ 1937ರ ಮಾದರಿ ವೆಬ್ಬಿಂಗ್, ಅಂದ್ರ ಸಿಪಾಯಿ ಸಾಮಾನು ಹೊರೂ ಕ್ಯಾನ್ವಾಸ್ ಪಟ್ಟಿ-ಚೀಲದ ಜೋಡಣಿ. ಬಾಣದ ಕೆಳಗ ಐ ಅಂದ್ರ ಭಾರತದೊಳಗ ತಯಾರಾಗಿದ್ದು. ನೇಯ್ಗಿ ವಿಲಾಯ್ತಿ ಮಾಲಿಗಿಂತ ಒರಟ ಇರೂದರಿಂದ ಮುಟ್ಟಿದ್ರೂ ಗೊತ್ತಾಗ್ತೈತಿ.

ಜೋಡಣಿ ಬೆಲ್ಟಿನಿಂದ ಸುರು. ಅಗಲ ಎರಡೂಕಾಲು ಇಂಚು; ಉದ್ದ ಹೆಚ್ಚು ಕಡಿಮಿ ಮಾಡೂದು ಎರಡೂ ತುದಿಯ ಕೊಕ್ಕಿಯಿಂದ, ಮುಂದಿನ ಬಕಲಿನಿಂದ ಅಲ್ಲ. ಹಿಂಭಾಗಕ್ಕ ಎರಡು ಬಕಲ್ ಓರೆಯಾಗಿ ಮ್ಯಾಲ ಮುಖ ಮಾಡಿರ್ತಾವ, ಅವು ಸರಿಯಾಗಿ ಬೆನ್ನಿಗಿ ಬರಬೇಕು. ಪೌಚಿನ ಬೆನ್ನಿನ ಎರಡೆರಡು ಹಿತ್ತಾಳಿ ಕೊಕ್ಕಿ ಬೆಲ್ಟನ್ನ ಮ್ಯಾಲ ಕೆಳಗ ಹಿಡೀತಾವ. ಒಂದ ಕೊಕ್ಕಿ ಹಾಕಿ ಬಿಟ್ರ ಪೌಚು ವಾಲಿ ಹೊಟ್ಟಿಗಿ ಚುಚ್ಚತೈತಿ.

ಉದ್ದ ಪಟ್ಟಿ ಹೆಗಲಿನವು. ಹೆಗಲ ಮ್ಯಾಲ ಎರಡು ಇಂಚು ಅಗಲ, ತುದಿಯೊಳಗ ಒಂದಿಂಚು. ಹಿಂದಿನ ಬಕಲಿಗಿ ಸಿಗಿಸಿ, ಬೆನ್ನಿನ ಮ್ಯಾಲ ಅಡ್ಡ ಹಾಯಿಸಿ, ಒಂದು ಪಟ್ಟಿಗಿ ಹೊಲಿದ ಕುಣಿಕಿಯೊಳಗ ಇನ್ನೊಂದನ್ನ ತೂರಿಸಿ, ಮುಂದ ಪೌಚಿನ ಮ್ಯಾಲಿನ ಬಕಲಿಗಿ ಇಳಸ್ರಿ. ಭಾಳ ಪ್ರದರ್ಶನದಾಗ ಈ ಕುಣಿಕಿ ಬಿಟ್ಟಿರ್ತಾರ, ಪಟ್ಟಿ ಹೆಗಲಿಂದ ಜಾರಿ ನೇತಾಡ್ತಿರ್ತಾವ. ಬಲಗಡೆ ಬಕಲಿನ ಕೆಳಗ ಉಳದ ಹೆಗಲ ಪಟ್ಟಿಯ ಎರಡು ತುದಿಗಿ, ಮುಂದಿನದು ಒಂದು, ಹಿಂದಿನದು ಒಂದು, ಬಾಟಲಿ ಪಟ್ಟಿಯ ಎರಡು ಬಕಲ್. ಬಾಟಲಿ ಸೊಂಟದ ಬಲಕ್ಕ.

ಎಲ್ ಪಟ್ಟಿ ಚೀಲದವು. ಎಲ್‌ನ ಅಗಲ ಇರೋ ಕಾಲು ಹೆಗಲಿನಿಂದ ಇಳದು ಪೌಚಿನ ಮ್ಯಾಲಿನ ಬಕಲಿಗಿ ಕೊಕ್ಕಿ ಹಿಡೀತೈತಿ, ಸಣ್ಣ ಕಾಲು ಕಂಕುಳ ಕೆಳಗ ಹಿಂದಕ್ಕ ಹೋಗಿ ಚೀಲದ ಬುಡದ ಬಕಲಿಗಿ. ಎಡ ಬಲ ಅದಲು ಬದಲಾದ್ರ ಸಣ್ಣ ಕಾಲು ಮುಂದಕ್ಕ ಬರ್ತೈತಿ, ಆಗ ಬಿಚ್ಚಿ ಮತ್ತ ಸುರು ಮಾಡ್ರಿ.

ಪೌಚಿನ ಗಾತ್ರಕ್ಕ ಕಾರಣ ಐತಿ. ಒಂದೊಂದರಾಗ ಬ್ರೆನ್ ಅನ್ನೋ ಹಗುರ ಮಷಿನ್ ಗನ್ನಿನ ಎರಡು ಮ್ಯಾಗಜೀನು (ಗುಂಡು ತುಂಬೂ ಡಬ್ಬಿ) ಕೂಡಬೇಕು ಅಂತ ಅಳತಿ ಹಿಡದಿದ್ದು, ಗನ್ ಹೊಡ್ಯಾಂವ ಒಬ್ಬನ ಇದ್ರೂ ಗುಂಡು ಹೊರೂದು ಇಡೀ ಸೆಕ್ಷನ್, ಅಂದ್ರ ಆ ಸಣ್ಣ ತುಕಡಿ. ಮೂವತ್ತು ಹಿಡಿಯೂ ಮ್ಯಾಗಜೀನಿಗಿ ಸಾಮಾನ್ಯವಾಗಿ 28 ಅಷ್ಟ ತುಂಬತಿದ್ರು, ಸ್ಪ್ರಿಂಗ್ ಬಿಗಿಯಾಗಿ ಸಿಕ್ಕೊಳ್ಳಬಾರದಂತ. ರೈಫಲ್ ತೋಟಾ ಬಟ್ಟಿ ಬ್ಯಾಂಡೋಲಿಯರಿನಾಗ (ಹೆಗಲಿಗಿ ಹಾಕ್ಕೊಳ್ಳೂ ತೋಟಾ ಪಟ್ಟಿ) 50, ಐದು ಜೇಬು, ಜೇಬಿಗಿ ಎರಡು ಕ್ಲಿಪ್ಪು. ಅಷ್ಟಕ್ಕ ಒಂದೂಕಾಲು ಕಿಲೋ.

ತೋರಣಗಟ್ಟಿ, ಗದಗ:
ಸರ್ಫ್ ಬ್ಯಾಡ, ಕೈ ಮುಗೀತೀನಿ. ಅದು ಹೊಲಸ ಅಲ್ರಿ, ಬಟ್ಟಿ ಮ್ಯಾಲ ಹಸರು ಪುಡಿ ಬಣ್ಣ ಕಾಣ್ತಿದ್ರ ಬ್ಲಾಂಕೊ ಅನ್ನೋ ಬಣ್ಣ ಇರಬಹುದು. ಸಿಪಾಯಿ ಒದ್ದಿ ಬ್ರಶ್ಶಿನಿಂದ ತಾನ ಹಚ್ಚತಿದ್ದ. ಅದು ಹೋದ್ರ ಮತ್ತ ಬರೂದಿಲ್ಲ, ಮ್ಯಾಲ ಹಳೇ ಹತ್ತಿ ಬಟ್ಟಿ ಕುಗ್ಗಿ ಕೊಕ್ಕಿಗಿ ಕೂಡದಂಗ ಆಗ್ತೈತಿ. ಒಣಾ ಮೆತ್ತನ್ನ ಬ್ರಶ್ಶಿನಿಂದ ನೇಯ್ಗಿಯ ಗುಂಟ ಎಳೀರಿ, ಅಷ್ಟ ಸಾಕು.

ಹಿತ್ತಾಳಿಗಿ ಬ್ರಾಸೊನೂ ಬ್ಯಾಡ, ಬಟ್ಟಿಯೊಳಗ ಹೊಕ್ಕು ಬಿಳೇ ಕಲಿ ಬಿಡ್ತೈತಿ. ಹಸರು ಕಿಲುಬು ಬಿದಿರ ಕಡ್ಡಿಯಿಂದ ಕೆರದು ತಗೀರಿ.

ಹಿತ್ತಾಳಿಕೊಕ್ಕಿ, ಧಾರವಾಡ:
ಕಿಲುಬು ಕಡ್ಡಿಗಿ ಜಗ್ಗದಿದ್ರ? ಬೂಸ್ಟು ವಾಸನಿ ಹೊಡದ್ರ?

ತೋರಣಗಟ್ಟಿ, ಗದಗ:
ಜಗ್ಗದಿದ್ರ ಬಿಡ್ರಿ, ಲೋಹ ಸವಿಸೂದಕ್ಕಿಂತ ಚಲೋ. ಬೂಸ್ಟಿಗಿ ನೆರಳಾಗ ಗಾಳಿಗಿ ಎರಡು ದಿನ ಹಾಕಿ, ಧೂಳಿನ ಮಾಸ್ಕ್ (ಟ್ರಂಕಿನ ಗ್ಯಾಸ್ ಮಾಸ್ಕ್ ಅಲ್ಲ) ಕಟ್ಟಿಕೊಂಡು ಹೊರಗ ಬ್ರಶ್ ಮಾಡ್ರಿ. ನಿಮ್ಮ ಧಾರವಾಡದ ಜಿಟಿಜಿಟಿ ಮಳಿಯೊಳಗ ಅದನ್ನ ಮಾಡಬ್ಯಾಡ್ರಿ, ಇನ್ನಷ್ಟು ಹತ್ತಿಕೊಳ್ತೈತಿ.

ಬಾಟಲಿ ಫೆಲ್ಟಿಗಿ ನುಸಿ ಹತ್ತಿದ್ರ ಪಾಲಿಥಿನ್ನಾಗ ಗಾಳಿ ತಗದು ಕಟ್ಟಿ ಡೀಪ್ ಫ್ರೀಜರಿನಾಗ ಎರಡು ವಾರ ಇಡ್ರಿ. ಹೊರಗ ತಗದ ಮ್ಯಾಲ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದ್ರ ಬೆವರು ಫೆಲ್ಟಿನ ಮ್ಯಾಲನ ಕೂಡ್ತೈತಿ. ನೀಲಿ ಎನಾಮಲ್ ಎಲ್ಲೆ ಚಕ್ಕಿ ಹಾರೈತೋ ಅಲ್ಲಿಂದ ಜಂಗು ಒಳಗೊಳಗ ಹರದಿರ್ತೈತಿ, ನೀರು ತುಂಬಿ ತೋರಿಸಬ್ಯಾಡ್ರಿ. ಬೂಚು ಒಣಗಿ ಸಣ್ಣಾಗಿದ್ರ ಒತ್ತಿ ಕೂಡಸಬ್ಯಾಡ್ರಿ, ಪುಡಿ ಆಗಿ ಒಳಗ ಬೀಳತೈತಿ, ದಾರದ ಮ್ಯಾಲ ಇಳಿಬಿಡ್ರಿ.

ಕೆಂಪುಮಣ್ಣು, ಹಾವೇರಿ:
ಠಾಣೆಗಿ ಫೋನ್ ಮಾಡಿವ್ರಿ. ಪೌಚು ಖಾಲಿ ಇದ್ರ ಚಪ್ಪಟಿ ಕಾಣ್ತಾವ, ಏನು ತುಂಬಲಿ?

ದುರ್ಗದಬೈಲ, ಹುಬ್ಬಳ್ಳಿ:
ಪೇಪರ್ ಬ್ಯಾಡ್ರಿ, ಮಸಿ ಬಟ್ಟಿಗಿ ಹತ್ತತೈತಿ. ಬಿಳೇ ಖಾದಿ ಬಟ್ಟಿ ತೊಳದು ಒಣಗಿಸಿ ಮಡಚಿ ತುಂಬ್ರಿ, ಮುಚ್ಚಳ ತಾನಾಗಿ ಮುಚ್ಚಿಕೊಳ್ಳೂವಷ್ಟ.